ಮಂಗನ ಕಾಯಿಲೆಯ ಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವವರಿಗೆ: ಉಣುಗಿನ ಸಂಗ್ರಹ, ಸೋಂಕಿನ ಎಚ್ಚರ, ಮನಸ್ಸಿನ ಆಸರೆ

ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರು ಸಂಶೋಧನೆಗೆ ವಿಷಯ ಹುಡುಕುವ ಹೊತ್ತಿನಲ್ಲಿ, ಮಲೆನಾಡಿನ ಕಡೆಯ ಕಾಲೇಜುಗಳಲ್ಲಿ ಮಂಗನ ಕಾಯಿಲೆಯ ಹೆಸರು ಬಂದೇ ಬರುತ್ತದೆ. ಕಾಯಿಲೆ ನಮ್ಮ ನೆಲದ್ದು, ಅದನ್ನು ಹೊತ್ತು ತಿರುಗುವ ಉಣುಗು ಮನೆಯ ಹಿಂದಿನ ಬೆಟ್ಟದಲ್ಲೇ ಇದೆ, ತಿಳಿಯಬೇಕಾದದ್ದು ಇನ್ನೂ ಸಾಕಷ್ಟಿದೆ. ಆದರೆ ಸೋಂಕು ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿಯ ಜೀವ ತೆಗೆಯುವ, ನಿರ್ದಿಷ್ಟ ಔಷಧಿಯಿಲ್ಲದ ಕಾಯಿಲೆಯೊಂದರ ದಾರಿಗೆ ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರನ್ನು ಕಳುಹಿಸುವಾಗ ಮಾರ್ಗದರ್ಶಕರಾದವರು ಮಾಡಿಕೊಳ್ಳಬೇಕಾದ ಸಿದ್ಧತೆ ಚಿಮುಟ ಮತ್ತು ಶೀಷೆಗಳಿಗೆ ಮುಗಿಯುವುದಿಲ್ಲ. ಉಣುಗು ಕಚ್ಚಿದ್ದನ್ನು ವಿದ್ಯಾರ್ಥಿ ಹೇಳದೆ ಉಳಿದಾಗ ಈ ಕೆಲಸ ನಿಜವಾಗಿ ಅಪಾಯಕ್ಕೆ ತಿರುಗುತ್ತದೆ, ಮತ್ತು ಹೇಳುವುದು ಬಿಡುವುದು ಅವರ ಮನಸ್ಸಿನ ಸ್ಥಿತಿಯನ್ನೂ ನಮ್ಮ ನಡವಳಿಕೆಯನ್ನೂ ಅವಲಂಬಿಸಿದೆ. ಆದ್ದರಿಂದ ಉಣುಗು ಹಿಡಿಯುವ ಕ್ರಮ, ಸೋಂಕು ತಡೆಯುವ ಕ್ರಮ, ವಿದ್ಯಾರ್ಥಿಯ ಮನಸ್ಸನ್ನು ನೋಡಿಕೊಳ್ಳುವ ಕ್ರಮ ಇವು ಮೂರನ್ನೂ ಒಂದೇ ಕೆಲಸದ ಭಾಗಗಳೆಂದು ಭಾವಿಸಿ ಈ ಬರಹವನ್ನು ಬರೆದಿದ್ದೇನೆ.

ಮೊದಲು ಕಾಯಿಲೆಯ ನಡೆಯನ್ನು ತಿಳಿಸಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಊರುಗಳಲ್ಲಿ ಜನರಿಗೆ ತೀವ್ರ ಜ್ವರ ಕಾಣಿಸಿಕೊಂಡಿತು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕವೂ ಆಗ ಹುಟ್ಟಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡವು ವೈರಸ್ಸನ್ನು ಬೇರ್ಪಡಿಸಿ, ಅದು ಉಣುಗಿನಿಂದ ಹರಡುವ, ರಷ್ಯಾದ ಕಾಡುಗಳ ಮಿದುಳುಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ ಹೊಸ ವೈರಸ್ಸೆಂದು ತೋರಿಸಿಕೊಟ್ಟಿತು. ಬಹುಕಾಲ ಮಲೆನಾಡಿನದೆಂದೇ ಎಣಿಸಿದ್ದ ಈ ಕಾಯಿಲೆ 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2019ರಲ್ಲಿ ಆದ ಸಾವುಗಳನ್ನು ಅಲ್ಲಿನ ಜನ ಇನ್ನೂ ಮರೆತಿಲ್ಲ.

ವಿದ್ಯಾರ್ಥಿಗಳಿಗೆ ಈ ಚರಿತ್ರೆಯನ್ನು ಹೇಳಬೇಕು, ಆದರೆ ಹೆಚ್ಚು ಸಮಯ ಕೊಡಬೇಕಾದದ್ದು ಉಣುಗಿನ ಬದುಕಿಗೆ. ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಈ ವೈರಸ್ಸಿನ ಮುಖ್ಯ ವಾಹಕ. ಮಳೆಗಾಲದಲ್ಲಿ ಬೆಳೆದ ಹೆಣ್ಣುಣುಗು ದನ ಎಮ್ಮೆಗಳ ರಕ್ತ ಹೀರಿ, ಕಳಚಿ ಬಿದ್ದು, ತರಗೆಲೆಯ ಅಡಿಯಲ್ಲಿ ರಾಶಿ ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದ ಮೇಲೆ ಆರು ಕಾಲಿನ ಲಾರ್ವಾಗಳು ಗುಂಪುಗುಂಪಾಗಿ ಹೊರಬಂದು ಇಲಿ, ಹಕ್ಕಿ, ಮಂಗಗಳಂಥ ಜೀವಿಗಳನ್ನು ಹತ್ತುತ್ತವೆ. ಸೋಂಕಿರುವ ಪ್ರಾಣಿಯ ರಕ್ತ ಕುಡಿದ ಲಾರ್ವಾ ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆದಾಗ ವೈರಸ್ಸು ಅದರೊಳಗೆ ಉಳಿದಿರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಎಷ್ಟೋ ಸಲ ಅರಿವಿಗೇ ಬರುವುದಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ, ಜನವರಿಯಿಂದ ಏಪ್ರಿಲ್ ನಡುವೆ ರೋಗಿಗಳ ಸಂಖ್ಯೆ ಏರುತ್ತದೆ. ದರಕು (ಉದುರಿದ ಒಣ ಎಲೆ) ಗುಡಿಸಿ ತರಲು, ಸೌದೆ ತರಲು, ದನ ಕಾಯಲು ಜನ ಬೆಟ್ಟಕ್ಕೆ ಹೋಗುವ ಕಾಲವೂ ಅದೇ. ದನಗಳು ಈ ವೈರಸ್ಸಿನಿಂದ ನರಳುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಸಾಕುವುದರಲ್ಲಿ ಅವುಗಳ ಪಾಲು ದೊಡ್ಡದು. ಕಾಡು ಕಡಿದು ಹೊಲ, ತೋಟ, ಗೋಮಾಳ ಮಾಡಿಕೊಂಡ ಹಾಗೆಲ್ಲ ಕಾಯಿಲೆಯ ಅಂಚೂ ಸರಿಯುತ್ತದೆ ಎಂಬುದನ್ನು ಸಾಗರದಲ್ಲಿ ಕೆಲಸ ಮಾಡಿದ ಸಂಶೋಧಕರು 1960ರ ದಶಕದಲ್ಲೇ ಕಂಡುಕೊಂಡಿದ್ದರು. ಕೊಟ್ಟಿಗೆ, ಬೆಟ್ಟ, ಮಂಗ, ಮನುಷ್ಯ ಇವನ್ನೆಲ್ಲ ಸೇರಿಸಿದ ಒಂದು ನಕ್ಷೆಯನ್ನು ವಿದ್ಯಾರ್ಥಿ ತನ್ನ ಕೈಯಾರೆ ಬರೆಯಲು ಶಕ್ತರಾಗುವ ತನಕ ಅವರನ್ನು ಕಾಡಿಗೆ ಕಳುಹಿಸುವ ಅವಸರ ಬೇಡ. ಅಪಾಯ ಎಲ್ಲಿದೆ, ಎಲ್ಲಿಲ್ಲ ಎಂಬುದು ಸ್ಪಷ್ಟವಾದಷ್ಟೂ ಭಯಕ್ಕೊಂದು ಅಳತೆ ಸಿಗುತ್ತದೆ.

ಅನುಮತಿ ಮತ್ತು ಎಲ್ಲೆ

ಕಾಡಿನೊಳಗೆ ಮಾದರಿ ಸಂಗ್ರಹಿಸಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ವನ್ಯಜೀವಿಧಾಮವಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಇಲಿ ಮುಂತಾದ ಪ್ರಾಣಿಗಳನ್ನು ಹಿಡಿದು ಪರೀಕ್ಷಿಸುವುದಾದರೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ, ಊರಿನವರನ್ನು ಸಂದರ್ಶಿಸುವುದಾದರೆ ಮಾನವ ಸಂಶೋಧನೆಯ ನೈತಿಕತಾ ಸಮಿತಿಯ ಒಪ್ಪಿಗೆ ಪಡೆಯಬೇಕು. ಜೈವಿಕ ಸುರಕ್ಷತಾ ಸಮಿತಿಯ ಮುಂದೆಯೂ ಪ್ರಸ್ತಾವವನ್ನು ಇಡಬೇಕು. ಈ ಕಾಗದಗಳಿಗೆ ತಿಂಗಳುಗಳು ಹಿಡಿಯುವುದರಿಂದ ನವೆಂಬರಿನ ಕೆಲಸಕ್ಕೆ ಮೇ ತಿಂಗಳಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ಒಂದು ಎಲ್ಲೆಯನ್ನು ಮಾತ್ರ ಯಾವ ಕಾರಣಕ್ಕೂ ದಾಟಬಾರದು. ಜೀವಂತ ವೈರಸ್ಸನ್ನು ಬೆಳೆಸುವ, ಸೋಂಕಿರಬಹುದಾದ ಉಣುಗನ್ನು ಅರೆಯುವ ಕೆಲಸ ಸಾಮಾನ್ಯ ಕಾಲೇಜಿನ ಪ್ರಯೋಗಾಲಯದಲ್ಲಿ ನಡೆಯಕೂಡದು. ಈ ವೈರಸ್ಸು ಹಿಂದೆ ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ದಾಖಲೆಗಳಿವೆ. ಮಾದರಿಗಳನ್ನು ಜಾತಿ, ಹಂತ, ಸ್ಥಳಗಳ ಪ್ರಕಾರ ಬೇರ್ಪಡಿಸಿ, ಶೀತಲ ಸರಪಳಿ ಕಡಿಯದಂತೆ, ಇದಕ್ಕೆ ಅಧಿಕಾರವಿರುವ ಪ್ರಯೋಗಾಲಯಕ್ಕೆ ಒಪ್ಪಂದದ ಮೇರೆಗೆ ಕಳುಹಿಸಬೇಕು. ವಿದ್ಯಾರ್ಥಿಯ ಪ್ರಬಂಧಕ್ಕೆ ಉಣುಗಿನ ಜಾತಿ, ಸಂಖ್ಯೆ, ಕಾಲಮಾನ, ಆವಾಸಗಳ ಅಧ್ಯಯನವೇ ಬೇಕಾದಷ್ಟು ಸಮೃದ್ಧವಾದ ವಿಷಯ.

ಬಟ್ಟೆ ಎಳೆಯುವ ಕ್ರಮ

ಉಣುಗು ಸಂಗ್ರಹಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ಸರಳ ವಿಧಾನವೆಂದರೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಎಳೆಯುವುದು. ಸುಮಾರು ಒಂದು ಮೀಟರು ಉದ್ದಗಲದ ಬಟ್ಟೆಯ ಒಂದು ಅಂಚಿಗೆ ಕೋಲು ಹೊಲಿದು, ಕೋಲಿನ ಎರಡು ತುದಿಗೆ ಹಗ್ಗ ಕಟ್ಟಿ, ತರಗೆಲೆ ಮತ್ತು ಕಿರುಗಿಡಗಳ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಹತ್ತು ಮೀಟರಿಗೊಮ್ಮೆ ನಿಂತು ಬಟ್ಟೆಯನ್ನು ಮಗುಚಿ ನೋಡಬೇಕು. ಇಬ್ಬನಿ ಆರಿದ ಮೇಲೆ ಕೆಲಸ ಶುರು ಮಾಡಬೇಕು, ಒದ್ದೆ ಬಟ್ಟೆಗೆ ಉಣುಗು ಹತ್ತುವುದು ಕಡಿಮೆ. ಪ್ರತಿ ಸಲವೂ ಅಷ್ಟೇ ದೂರ, ಅಷ್ಟೇ ಸಮಯ ಎಳೆದರೆ ಮಾತ್ರ ಒಂದು ಜಾಗದ ಎಣಿಕೆಯನ್ನು ಇನ್ನೊಂದರೊಂದಿಗೆ ಹೋಲಿಸಲು ಬರುತ್ತದೆ.

ಮೊದಲ ದಿನ ಬಟ್ಟೆ ಮಗುಚಿದ ವಿದ್ಯಾರ್ಥಿಗೆ ಅಲ್ಲಿ ಕಾಣುವುದು ಬರೀ ಮಣ್ಣಿನ ಚುಕ್ಕೆಗಳು. ಅವಸರ ಮಾಡದೆ ಅರ್ಧ ನಿಮಿಷ ಬಟ್ಟೆಯನ್ನೇ ನೋಡುತ್ತ ನಿಲ್ಲಲು ಹೇಳಿ. ಚುಕ್ಕೆಗಳಲ್ಲಿ ಒಂದು ಸರಿದಾಡುತ್ತದೆ, ಆಮೇಲೆ ಇನ್ನೊಂದು. ಉಸಿರು ಬಿಟ್ಟರೆ ಆ ಕಡೆಗೇ ಮುಂಗಾಲೆತ್ತುತ್ತದೆ. ಬಟ್ಟೆಯ ಮೂಲೆಯಲ್ಲಿ ಕಂದು ಪುಡಿ ಚೆಲ್ಲಿದಂತೆ ಕಂಡದ್ದು ಲಾರ್ವಾಗಳ ಗುಂಪಾಗಿದ್ದರೆ ಅದನ್ನು ಚಿಮುಟದಿಂದ ಒಂದೊಂದಾಗಿ ಆಯಲು ಹೋಗದೆ ಅಂಟುಪಟ್ಟಿಯಿಂದ ಒತ್ತಿ ತೆಗೆಯುವುದು ಸುಲಭ. ನಿಂಫ್‌ಗಳನ್ನು ಸಣ್ಣ ಮೂತಿಯ ಚಿಮುಟದಿಂದ ಎತ್ತಿ, ಜಾತಿ ಗುರುತಿಸಲು ಮಾತ್ರವಾದರೆ ಶೇಕಡಾ 70ರ ಆಲ್ಕೋಹಾಲಿನಲ್ಲಿ, ವೈರಸ್ ಪರೀಕ್ಷೆಗಾದರೆ ಸಂಬಂಧಿಸಿದ ಪ್ರಯೋಗಾಲಯ ಹೇಳಿದ ಕ್ರಮದಲ್ಲಿ ಇಡಬೇಕು. ಶೀಷೆಯೊಳಗಿನ ಚೀಟಿಯನ್ನು ಪೆನ್ಸಿಲಿನಿಂದಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ತಿಳಿ ಬಣ್ಣದ ಪೂರ್ಣ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಗಂಬೂಟು, ಕೈಗವಸು ಇವು ಕಡ್ಡಾಯ. ಉಣುಗು ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲು ಕುತ್ತಿಗೆಗಳಿಗೆ ಹಚ್ಚಿಕೊಳ್ಳಬೇಕು. ಅದರ ಪ್ರಭಾವ ಕೆಲವು ಗಂಟೆಗಳದು, ಬೆವರಿದರೆ ಮತ್ತೆ ಹಚ್ಚಬೇಕು. ಊಟಕ್ಕೆ ತರಗೆಲೆಯ ಮೇಲೆ ಕೂರಬಾರದು. ಮರಳಿದ ಕೂಡಲೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ಹೊಕ್ಕುಳು, ಸೊಂಟದ ಪಟ್ಟಿ, ತೊಡೆಸಂದು, ಮಂಡಿಯ ಹಿಂಬದಿ ಇವನ್ನೆಲ್ಲ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಬೆನ್ನು ನೋಡಲು ಜೊತೆಗಾರರು ಬೇಕು. ವಿದ್ಯಾರ್ಥಿನಿಯರಿರುವ ತಂಡಕ್ಕೆ ಕನಿಷ್ಠ ಇಬ್ಬರು ಹೆಣ್ಣುಮಕ್ಕಳಿರುವಂತೆ, ಉಳಿದುಕೊಳ್ಳುವ ಮನೆಯಲ್ಲಿ ಒಳಗಿನಿಂದ ಚಿಲಕವಿರುವ ಬಚ್ಚಲುಮನೆ ಇರುವಂತೆ ಮೊದಲೇ ನೋಡಿಕೊಳ್ಳಬೇಕು. ಬಚ್ಚಲಿಗೆ ಚಿಲಕವಿಲ್ಲದ ಕಾರಣಕ್ಕೆ ಮೈ ಪರೀಕ್ಷೆ ಅರ್ಧಕ್ಕೆ ನಿಂತದ್ದನ್ನು ನಾನು ಕಂಡಿದ್ದೇನೆ.

ಸತ್ತ ಮಂಗ ಕಂಡಾಗ

ಕಾಡಿನಲ್ಲಿ ಸತ್ತ ಮಂಗವೋ ಮುಸುವವೋ ಕಂಡರೆ ಹತ್ತಿರ ಹೋಗಬಾರದು, ಮುಟ್ಟಬಾರದು, ಫೋಟೊಕ್ಕಾಗಿ ಸುತ್ತುವರಿಯಬಾರದು. ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಚದುರುತ್ತವೆ, ಆದ್ದರಿಂದ ಆ ಜಾಗವೇ ಅತಿ ಅಪಾಯದ್ದು. ದೂರದಿಂದಲೇ ಜಿಪಿಎಸ್ ಗುರುತು ಬರೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಶವಪರೀಕ್ಷೆ ಪಶುವೈದ್ಯರ ಕೆಲಸ. ಶವ ಸುಡುವುದು, ಸುತ್ತ ಕೀಟನಾಶಕದ ಪುಡಿ ಎರಚುವುದು ಇಲಾಖೆಗಳ ಕೆಲಸ. ವಿದ್ಯಾರ್ಥಿಯ ಕೆಲಸ ಮಾಹಿತಿ ಕೊಡುವುದಕ್ಕೆ ಮುಗಿಯುತ್ತದೆ, ಮಾರ್ಗದರ್ಶಕರ ಕೆಲಸ ಮಾತ್ರ ಅಲ್ಲಿಂದ ಶುರುವಾಗುತ್ತದೆ.

ಒಮ್ಮೆ ನಮ್ಮ ತಂಡಕ್ಕೆ ಹೊಳೆಯ ದಂಡೆಯಲ್ಲಿ ಸತ್ತ ತಾಯಿ ಮಂಗವೊಂದು ಕಂಡಿತು. ಮರಿ ಇನ್ನೂ ಅದರ ಹೊಟ್ಟೆಗೆ ಅವುಚಿಕೊಂಡಿತ್ತು. ಎಲ್ಲ ಕ್ರಮದಂತೆಯೇ ನಡೆಯಿತು, ಯಾರೂ ಹತ್ತಿರ ಹೋಗಲಿಲ್ಲ, ಕರೆ ಮಾಡಬೇಕಾದವರಿಗೆ ಕರೆ ಹೋಯಿತು. ಆದರೆ ಆ ಸಂಜೆ ತಂಡದಲ್ಲಿದ್ದ ಒಬ್ಬಳು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಮರಿಯನ್ನು ಬಿಟ್ಟು ಬಂದೆವಲ್ಲ ಎಂಬುದೊಂದೇ ಅವಳ ಮಾತು. ವೈರಸ್ಸಿನ ವಿವರಣೆ ಆ ಹೊತ್ತಿಗೆ ಬೇಕಿರಲಿಲ್ಲ. ಅವಳ ಪಕ್ಕದಲ್ಲಿ ಕೂತು, ಹೇಳಿದಷ್ಟನ್ನು ಕೇಳಿ, ಆ ಮರಿಯ ಬಗ್ಗೆ ಅರಣ್ಯ ಸಿಬ್ಬಂದಿಯಿಂದ ಮರುದಿನ ಮಾಹಿತಿ ತರಿಸಿಕೊಡುವುದಾಗಿ ಹೇಳಿ, ಹಾಗೆಯೇ ತರಿಸಿಕೊಟ್ಟದ್ದು ಅವಳಿಗೆ ಆಸರೆಯಾಯಿತು. ಇಂಥ ದಿನದ ಮರುದಿನ ಬಟ್ಟೆ ಎಳೆಯುವ ಕೆಲಸಕ್ಕೆ ರಜೆ ಕೊಡಿ.

ಉಣುಗು ಕಚ್ಚಿದರೆ, ಮತ್ತು ಅದರ ನಂತರದ ದಿನಗಳು

ಕಚ್ಚಿದ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ಒಂದೇ ಸಮನೆ ನೇರವಾಗಿ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಲ್ಲಿ ಹೊಸಕುವುದು ಮೂರೂ ತಪ್ಪು. ಗಾಯವನ್ನು ಸಾಬೂನಿನಿಂದ ತೊಳೆದು, ಉಣುಗನ್ನು ಶೀಷೆಗೆ ಹಾಕಿ, ದಿನಾಂಕ, ಜಾಗ, ಮೈಯ ಭಾಗ ಇಷ್ಟನ್ನು ಕ್ಷೇತ್ರ ಪುಸ್ತಕದಲ್ಲಿ ಬರೆಯಬೇಕು.

ಸೋಂಕು ತಗುಲಿದ್ದರೆ ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆಯ ಕಡೆ ತೀವ್ರ ತಲೆನೋವು, ಸೊಂಟ ಮತ್ತು ಮೀನಖಂಡಗಳ ನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಜ್ವರ ಇಳಿದು ಒಂದೆರಡು ವಾರದ ಮೇಲೆ ಕೆಲವು ರೋಗಿಗಳಿಗೆ ಮತ್ತೆ ಜ್ವರ ಬಂದು ನರಮಂಡಲದ ತೊಂದರೆಗಳು ತಲೆದೋರುವುದರಿಂದ, ಗುಣವಾಯಿತೆಂದು ಬೇಗ ಕೆಲಸಕ್ಕೆ ಕರೆಯಬಾರದು. ಕಚ್ಚಿದ ದಿನದಿಂದ 14 ದಿನ ಬೆಳಿಗ್ಗೆ ಸಂಜೆ ಜ್ವರ ಅಳೆದು ಬರೆಯುವುದು ನಾವು ಇಟ್ಟುಕೊಂಡಿರುವ ನಿಯಮ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಉಣುಗಿನ ಕೆಲಸ ಮಾಡುತ್ತಿರುವುದನ್ನು ಮೊದಲ ಮಾತಿಗೇ ವೈದ್ಯರಿಗೆ ಹೇಳಬೇಕು, ಏಕೆಂದರೆ ಇಲಿಜ್ವರ, ಡೆಂಗಿ, ಸ್ಕ್ರಬ್ ಟೈಫಸ್ ಕೂಡ ಅದೇ ಊರುಗಳಲ್ಲಿ ಅದೇ ಲಕ್ಷಣಗಳೊಂದಿಗೆ ಬರುತ್ತವೆ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸನ್ನು ತೋರಿಸುತ್ತದೆ, ಪ್ರತಿಕಾಯದ ಪರೀಕ್ಷೆ ಫಲ ಕೊಡುವುದು ಆಮೇಲೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು, ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮೊದಲ ವರ್ಷ ನಾನು ದಿನಗಳು ವ್ಯರ್ಥವಾಗುತ್ತಿವೆಯೆಂದು ವಿದ್ಯಾರ್ಥಿಗಳ ಮುಂದೆ ಪದೇಪದೇ ಹೇಳುತ್ತಿದ್ದೆ. ಒಬ್ಬ ಹುಡುಗ ತನಗೆ ಉಣುಗು ಕಚ್ಚಿದ್ದನ್ನು ನಾಲ್ಕು ದಿನ ಹೇಳಲಿಲ್ಲ. ಕೊನೆಗೆ ಅವನ ಜೊತೆಗಾರ ಬಂದು ಹೇಳಿದ. ಕೇಳಿದಾಗ ಅವನು, "ಕೆಲಸ ನಿಲ್ಲಿಸ್ತೀರೇನೋ ಅಂತ ಹೆದರಿಕೆಯಾಯ್ತು ಸರ್, ನಮ್ಮಪ್ಪನಿಗೆ ಏನು ಹೇಳಲಿ ಅಂತ" ಎಂದ. ಅವನಿಗೆ ಏನೂ ಆಗಲಿಲ್ಲ, ಆದರೆ ಆ ನಾಲ್ಕು ರಾತ್ರಿ ಅವನು ನಿದ್ದೆ ಮಾಡಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಲಿಖಿತ ನಿಯಮವಿದೆ: ಕಚ್ಚಿದ್ದನ್ನು ಹೇಳಿದವರ ಅಂಕ, ಹಾಜರಿ, ವಿಷಯ ಯಾವುದಕ್ಕೂ ಧಕ್ಕೆಯಿಲ್ಲ, ಕೆಲಸ ಬಿಡಬೇಕೆನಿಸಿದರೆ ಕಾರಣ ಕೇಳದೆ ಬೇರೆ ಕೆಲಸ ಕೊಡಲಾಗುವುದು. ಸಂಗ್ರಹಿಸಿದ ಉಣುಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು, ಹಳೆಯ ದಾಖಲೆಗಳಿಂದ ನಕ್ಷೆ ತಯಾರಿಸುವುದು ಅಷ್ಟೇ ಯೋಗ್ಯವಾದ ಸಂಶೋಧನೆಯೆಂದು ಮೊದಲ ಸಭೆಯಲ್ಲೇ ಹೇಳಿಬಿಡಬೇಕು.

ಮನಸ್ಸಿನ ಆಸರೆಯನ್ನು ಏರ್ಪಡಿಸುವ ಬಗೆ

"ಭಯ ಇದೆಯಾ?" ಎಂದು ಎಲ್ಲರೆದುರು ಕೇಳಿದರೆ ಸಿಗುವ ಉತ್ತರ "ಇಲ್ಲ ಸರ್" ಒಂದೇ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಈ ಕೆಲಸದಲ್ಲಿ ನಿಮಗೆ ಯಾವುದು ಹೆಚ್ಚು ಕಷ್ಟವಾಗಬಹುದು, ಮನೆಯಲ್ಲಿ ಈ ಬಗ್ಗೆ ಏನಂದರು, ನಿದ್ದೆ ಹೇಗಿದೆ ಎಂದು ಕೇಳಿದರೆ ಮಾತು ಹೊರಬರುತ್ತದೆ. ಮೊದಲ ಭೇಟಿ ಕಾಡಿಗೆ ಹೋಗುವ ಮುನ್ನವೇ ಆಗಬೇಕು, ಆಮೇಲೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಮಾಹಿತಿಯ ಪಟ್ಟಿಯನ್ನು ತೆರೆಯಬಾರದು.

ಉಣುಗಿನ ಕೆಲಸ ಮಾಡುವವರಿಗೆ ಮೈಮೇಲೆ ಏನೋ ಹರಿದಂತೆ ಅನ್ನಿಸುವುದು ಸಾಮಾನ್ಯ. ಕೆಲವರು ರಾತ್ರಿ ಎದ್ದೆದ್ದು ದೀಪ ಹಚ್ಚಿ ಕೈಕಾಲು ನೋಡಿಕೊಳ್ಳುತ್ತಾರೆ. ಹೀಗೆ ನೋಡಿಕೊಂಡಷ್ಟೂ ಆತಂಕ ಹೆಚ್ಚುತ್ತದೆ. ಮರಳಿದ ಕೂಡಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಜೊತೆಗಾರರೊಂದಿಗೆ ಪೂರ್ಣ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ ಮತ್ತೆ ನೋಡುವ ಅಗತ್ಯವಿಲ್ಲ ಎಂಬ ಒಪ್ಪಂದ ಬಹಳ ಜನರಿಗೆ ನೆರವಾಗಿದೆ. ಕಚ್ಚಿದ ನಂತರದ ಕಾಯುವ ದಿನಗಳು ಎಲ್ಲಕ್ಕಿಂತ ಕಠಿಣ. ಆಗ ವಿದ್ಯಾರ್ಥಿಯನ್ನು ಒಬ್ಬರೇ ಕೋಣೆಯಲ್ಲಿ ಬಿಡದೆ, ಥರ್ಮಾಮೀಟರು ಕೈಗೆ ಕೊಟ್ಟು, ದಿನಕ್ಕೆರಡು ಸಲ ನಿಗದಿತ ಹೊತ್ತಿಗೆ ಫೋನು ಮಾಡಿ, ಜ್ವರ ಬಂದರೆ ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು ಎಂಬುದನ್ನು ಬರೆದು ಕೊಡಬೇಕು. ಏನೂ ಆಗುವುದಿಲ್ಲ ಎಂದು ಭರವಸೆ ಕೊಡಬೇಡಿ. ಕಚ್ಚಿದ ಪ್ರತಿ ಉಣುಗಿನಲ್ಲೂ ವೈರಸ್ಸು ಇರುವುದಿಲ್ಲ, ಸೋಂಕಾದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಬೇಗ ಆಸ್ಪತ್ರೆ ಸೇರುವುದು ಮುಖ್ಯ ಎಂಬ ನಿಜವೇ ಸಾಕಷ್ಟು ಧೈರ್ಯ ಕೊಡುತ್ತದೆ.

ಹಾಸ್ಟೆಲ್ಲಿನ ಕಡೆಗೂ ಗಮನವಿರಲಿ. ಕಾಡಿನಿಂದ ಬಂದ ಹುಡುಗನ ತಟ್ಟೆ ಲೋಟವನ್ನು ಬೇರೆಯಿಟ್ಟ ಒಂದು ಹಾಸ್ಟೆಲ್ಲನ್ನು ನಾನು ನೋಡಿದ್ದೇನೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬುದನ್ನು ವಾರ್ಡನ್ನರಿಗೂ ಸಹಪಾಠಿಗಳಿಗೂ ಮಾರ್ಗದರ್ಶಕರೇ ಹೋಗಿ ಹೇಳಬೇಕು, ಆ ಭಾರವನ್ನು ವಿದ್ಯಾರ್ಥಿಯ ಮೇಲೆ ಹಾಕಬಾರದು. ಮನೆಯವರಿಗೂ ಮೊದಲೇ, ಅವರ ಮಾತಿನಲ್ಲಿ, ವಿವರಿಸಿರಬೇಕು.

ಮಾರ್ಗದರ್ಶಕರು ಒಳ್ಳೆಯ ಕೇಳುಗರಾಗಬಹುದು, ಆದರೆ ಆಪ್ತಸಮಾಲೋಚಕರ ಜಾಗದಲ್ಲಿ ಕೂರಬಾರದು, ಏಕೆಂದರೆ ಅಂಕ ಕೊಡುವ ಕೈಗೆ ಮನಸ್ಸನ್ನು ಪೂರ್ತಿ ಒಪ್ಪಿಸಲು ಯಾರಿಗೂ ಆಗುವುದಿಲ್ಲ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ನಿಮ್ಮ ಸಂಸ್ಥೆಯಲ್ಲಿ ಆ ನೇಮಕವಾಗಿದೆಯೇ ಎಂದು ಕೇಳಿ. ವಿದ್ಯಾರ್ಥಿ ಸಮಾಲೋಚಕರಿಗೆ ಹೇಳಿದ್ದನ್ನು ತಿಳಿಯಲು ಪ್ರಯತ್ನಿಸಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಆ ಸಂಖ್ಯೆಯನ್ನು ಕ್ಷೇತ್ರ ಪುಸ್ತಕದ ಒಳಹೊದಿಕೆಯ ಮೇಲೆ ಆಸ್ಪತ್ರೆಯ ಸಂಖ್ಯೆಯ ಪಕ್ಕದಲ್ಲೇ ಬರೆಸಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಾತು ಕಡಿಮೆಯಾದರೆ ತಜ್ಞರ ಬಳಿಗೆ ಕರೆದೊಯ್ಯಬೇಕು. ಬದುಕು ಬೇಡವೆಂಬ ಮಾತು ಬಂದರೆ ಅಷ್ಟು ದಿನ ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂದು ಕ್ಷಣವೂ ಒಬ್ಬರೇ ಇರದಂತೆ ನೋಡಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ.

ಊರಿನವರೊಂದಿಗೆ

ಸಂದರ್ಶನಕ್ಕೆ ಹೋದ ವಿದ್ಯಾರ್ಥಿಯ ಕೈ ಹಿಡಿದು, "ತಂಗೀ, ಹೋದ ವರ್ಷ ನಮ್ಮ ಮನೆಯವರು ಹೋದ್ರಲ್ಲ, ನೀವು ಬರೆದುಕೊಂಡು ಹೋದ್ರೆ ಏನಾದ್ರೂ ಆಗ್ತದಾ?" ಎಂದು ಕೇಳುವವರಿರುತ್ತಾರೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತದ್ದರಿಂದ ಹೊಸ ಲಸಿಕೆ ಯಾವಾಗ ಬರುತ್ತದೆಂಬ ಪ್ರಶ್ನೆಯೂ ಬರುತ್ತದೆ. ತನ್ನ ಕೈಯಲ್ಲಿಲ್ಲದ ಯಾವ ಮಾತನ್ನೂ ವಿದ್ಯಾರ್ಥಿ ಕೊಡಬಾರದು. ತಾನು ಏನು ಮಾಡುತ್ತಿದ್ದೇನೆ, ಫಲಿತಾಂಶವನ್ನು ಯಾವ ತಿಂಗಳಲ್ಲಿ ಬಂದು ಹೇಳುತ್ತೇನೆ ಎಂಬುದನ್ನು ಮಾತ್ರ ಹೇಳಬೇಕು. ಸಾವಿನ ಮನೆಯ ಸಂದರ್ಶನ ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ, ಅದಕ್ಕೆ ಇಬ್ಬರು ಜೊತೆಯಾಗಿ ಹೋಗಬೇಕು.

ಕೊನೆಯ ಬಟ್ಟೆ ಎಳೆದ ದಿನದಿಂದ ಮುಂದಿನ 14 ದಿನ ಎಲ್ಲರ ಜ್ವರದ ದಾಖಲೆ ಮುಂದುವರಿಯುತ್ತದೆ, ವಾರದ ಮಾತುಕತೆಯೂ ಆ ಅವಧಿಯುದ್ದಕ್ಕೂ ನಡೆಯಬೇಕು. ಆ ಪುಟಗಳನ್ನು ಉಣುಗಿನ ಎಣಿಕೆಯ ಪುಟಗಳೊಂದಿಗೇ ಹೊಲಿದು ವಿಭಾಗದಲ್ಲಿಡಿ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಯಾವ ಬೆಟ್ಟದಲ್ಲಿ ಯಾವ ತಿಂಗಳು ಉಣುಗು ಹೆಚ್ಚು ಸಿಕ್ಕಿತೆಂಬ ನಕ್ಷೆಯನ್ನು ಹಿಡಿದು ವಿದ್ಯಾರ್ಥಿಗಳು ಆ ಊರಿನ ಗ್ರಾಮ ಪಂಚಾಯಿತಿಗೆ ಹೋಗಿ ಕನ್ನಡದಲ್ಲಿ ವಿವರಿಸಲಿ, ನೀವು ಹಿಂದಿನ ಸಾಲಿನಲ್ಲಿ ಕೂತು ಕೇಳಿ.